ಶಾಸಕರ ಮಾತಿಗೂ ಒಂದು ಲೆಕ್ಕದ ಪುಸ್ತಕ ಇರಲಿ

ಇವತ್ತು ನಮ್ಮ ಜಿಲ್ಲೆಯ ಶಾಸಕರ ಮಾತಿನ ಬಗ್ಗೆ ಮಾತಾಡೋಣ.

2021ರ ಅಕ್ಟೋಬರ್ ನೆನಪೈತಾ? ರಾಯಚೂರು ನಗರ ಶಾಸಕ ಡಾ. ಶಿವರಾಜ ಪಾಟೀಲರು ಸಚಿವರ ಎದುರೇ, ನಮ್ಮನ್ನ ಅಭಿವೃದ್ಧಿ ಮಾಡ್ರಿ, ಇಲ್ಲಾಂದ್ರ ತೆಲಂಗಾಣಕ್ಕೆ ಸೇರಿಸ್ರಿ ಅನ್ನೋ ಅರ್ಥದ ಮಾತಾಡಿದರು. ಕೆ.ಟಿ. ರಾಮರಾವ್ ಆ ವಿಡಿಯೊ ಹಂಚಿಕೊಂಡರು. ಊರೆಲ್ಲ ಅದೇ ಸುದ್ದಿ.

ಆ ಸಿಟ್ಟು ಸುಳ್ಳಲ್ಲ. 371(ಜೆ) ಬಂದು ವರ್ಷಗಳಾದರೂ ದೊಡ್ಡ ಕಾಯಿಲೆ ಅಂದ್ರೆ ನಮ್ಮ ಜನ ಹೈದರಾಬಾದ್ ಬಸ್ಸೇ ಹತ್ತುತ್ತಾರೆ. 2022ರ ಮೇ ತಿಂಗಳಲ್ಲಿ ಏಮ್ಸ್‌ಗಾಗಿ ಧರಣಿ ಶುರುವಾಗಿದ್ದು ಇದಕ್ಕೇ.

ನಾನು ಓದಿದ್ದು ಬಿ.ಕಾಂ. ಲೆಕ್ಕದ ಪುಸ್ತಕಕ್ಕೆ ಎರಡು ಬದಿ ಇರ್ತಾವು. ಶಾಸಕರು ಹೇಳಿದ್ದು ಒಂದು ಕಡೆ ಬರೀರಿ, ಆಗಿದ್ದು ಇನ್ನೊಂದು ಕಡೆ.

ದೇವದುರ್ಗದಲ್ಲಿ 2023ರಲ್ಲಿ ಗೆದ್ದ ಕರೆಮ್ಮ ಜಿ. ನಾಯಕ ಅವರು ಅಕ್ರಮ ಮರಳು ಸಾಗಣೆ ವಿರುದ್ಧ ದನಿ ಎತ್ತಿದರು. ಮಾನ್ವಿಯಲ್ಲಿ ಜಿ. ಹಂಪಯ್ಯ ನಾಯಕರು ಶಾಸಕರು. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟೋದೇ ಪ್ರಶ್ನೆ. ಮೂವರೂ ಬೇರೆ ಬೇರೆ ಪಕ್ಷ. ಕೇಳಬೇಕಾದ್ದು ಮಾತ್ರ ಒಂದೇ: ಈ ಮಾತನ್ನ ಸದನದಲ್ಲಿ ಪ್ರಶ್ನೆಯಾಗಿ ಕೇಳಿದ್ರಾ? ಸರ್ಕಾರದ ಲಿಖಿತ ಉತ್ತರ ಏನು? ಯಾವ ಬಜೆಟ್‌ನಲ್ಲಿ ಎಷ್ಟು ರೊಕ್ಕ?

ವೇದಿಕೆ ಮೇಲಿನ ಮಾತಿಗೆ ಮರುದಿನ ಸ್ಪಷ್ಟನೆ ಕೊಡಬಹುದು. ಸದನದ ಕಡತಕ್ಕೆ ಹೋದದ್ದು ಹಾಗೇ ಉಳೀತದ.

ಮುಂದಿನ ಸಲ ಶಾಸಕರು ನಿಮ್ಮ ಓಣಿಗೆ ಬಂದಾಗ ಹಾರ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಜೊತೆಗೆ ಈ ಮೂರು ಪ್ರಶ್ನೆ ಕೇಳ್ರಿ. ಸಿಗೋಣ್ರಿ.