ಕಂಪ್ಯೂಟರಿನ ಧ್ವನಿ ಮತ್ತು ಕಿಸೆಯ ಆಂಪ್ಲಿಫೈಯರ್



ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಾವು ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆ ಹೋಗಿದ್ದಾಗ, ದ್ವಿತೀಯ ಪಿಯುಸಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಆಕೆಯ ಮನೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಇದೆ. ಭೌತಶಾಸ್ತ್ರದ ಮುದ್ರಿತ ಪಾಠಗಳನ್ನು ಆಕೆ ಹೆಡ್‌ಫೋನ್ ಹಾಕಿಕೊಂಡು ದಿನಕ್ಕೆ ಮೂರು ನಾಲ್ಕು ಗಂಟೆ ಕೇಳುತ್ತಾಳೆ. "ಸಾರ್, ಕಿವಿಯಲ್ಲಿ ಒಂದೇ ಸಮ ಗುಂಯ್ ಅನ್ನುತ್ತೆ. ಕಿಸೆಯಲ್ಲಿಡುವಂಥ ಚಿಕ್ಕ ಆಂಪ್ಲಿಫೈಯರ್ ಒಂದೂವರೆ ಸಾವಿರಕ್ಕೆ ಸಿಗುತ್ತಂತೆ. ಅದನ್ನು ತಗೊಂಡರೆ ಸರಿಹೋಗುತ್ತಾ?"

ಒಂದೂವರೆ ಸಾವಿರ ರೂಪಾಯಿ ಎಂದರೆ ಆ ಮನೆಗೆ ಸಣ್ಣ ಮೊತ್ತವಲ್ಲ. ಹೌದು ಎಂದೋ ಇಲ್ಲ ಎಂದೋ ಒಂದೇ ಮಾತಿನಲ್ಲಿ ಹೇಳಿಬಿಡುವ ಧೈರ್ಯ ನನಗಾಗಲಿಲ್ಲ. ಹೆಡ್‌ಫೋನನ್ನು ಈಸಿಕೊಂಡು ಕೇಳಿದೆ. ಮೇಷ್ಟರ ಮಾತಿನ ಹಿಂದೆ ಜೇನುಗೂಡಿನಂತಹ ಒಂದು ಮೊರೆತ. ಮೌಸನ್ನು ಸರಿಸಿದಾಗಲೆಲ್ಲ ಚಿರ್ ಚಿರ್ ಎಂಬ ಸದ್ದು. ಆ ಸದ್ದನ್ನು ಮೀರಿಸಿ ಪಾಠ ಕೇಳಬೇಕೆಂದು ಆಕೆ ವಾಲ್ಯೂಮನ್ನು ತುತ್ತತುದಿಗೆ ಏರಿಸಿಟ್ಟಿದ್ದಳು. ನನಗೆ ಗಾಬರಿಯಾದದ್ದು ಮೊರೆತದಿಂದಲ್ಲ, ಆ ವಾಲ್ಯೂಮಿನಿಂದ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಕಂಪ್ಯೂಟರಿನಿಂದ ಕಿವಿಗೆ ಧ್ವನಿ ಹೇಗೆ ಬರುತ್ತದೆ ಎಂಬುದನ್ನು ನೋಡೋಣ. ಕಂಪ್ಯೂಟರಿನೊಳಗೆ ಧ್ವನಿ ಎಂಬುದು ಬರೀ ಅಂಕಿಗಳ ಸಾಲು. ಸಿ.ಡಿ.ಯಲ್ಲಾದರೆ ಒಂದು ಸೆಕೆಂಡಿಗೆ 44,100 ಅಂಕಿಗಳು, ಅದೂ ಎಡಗಿವಿಗೆ ಬೇರೆ, ಬಲಗಿವಿಗೆ ಬೇರೆ. ಈ ಅಂಕಿಗಳನ್ನು ವಿದ್ಯುತ್ತಿನ ಏರಿಳಿತವಾಗಿ ಪರಿವರ್ತಿಸುವ ಒಂದು ಚಿಪ್ ಇರುತ್ತದೆ. ಅಲ್ಲಿಂದ ಹೊರಟ ದುರ್ಬಲ ಸಂಕೇತವನ್ನು ಒಂದು ಪುಟ್ಟ ಆಂಪ್ಲಿಫೈಯರ್ ಬಲಪಡಿಸುತ್ತದೆ. ಅದು ಹೆಡ್‌ಫೋನಿನ ಸುರುಳಿಯಲ್ಲಿ ಹರಿದು, ತೆಳು ಪೊರೆಯನ್ನು ಅಲುಗಿಸಿ, ಗಾಳಿಯಲ್ಲಿ ಅಲೆ ಎಬ್ಬಿಸುತ್ತದೆ. ಅಂದರೆ ಪ್ರತಿಯೊಂದು ಕಂಪ್ಯೂಟರಿನಲ್ಲೂ ಹೆಡ್‌ಫೋನ್ ಆಂಪ್ಲಿಫೈಯರ್ ಆಗಲೇ ಇದೆ. ನಾವು ಹೊರಗಿನಿಂದ ಕೊಳ್ಳುವುದು ಎರಡನೆಯದನ್ನು.

ಹಿಂದೆ ಕಂಪ್ಯೂಟರಿನ ಧ್ವನಿಗೆ ಪ್ರತ್ಯೇಕ ಕಾರ್ಡು ಇರುತ್ತಿತ್ತು. 1997ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಎಸಿ-97 ಎಂಬ ಮಾನಕ ಬಂದ ಮೇಲೆ ಧ್ವನಿಯ ಚಿಪ್ಪು ಮದರ್‌ಬೋರ್ಡಿನ ಮೇಲೆಯೇ ಬಂದು ಕೂತಿತು. ಬೆಲೆ ಇಳಿಯಿತು, ನಿಜ. ಆದರೆ ಮಿಲಿವೋಲ್ಟ್‌ಗಳ ಲೆಕ್ಕದಲ್ಲಿ ಕೆಲಸ ಮಾಡುವ ಈ ಸೂಕ್ಷ್ಮ ಮಂಡಲದ ಪಕ್ಕದಲ್ಲೇ ಪ್ರೊಸೆಸರ್, ಫ್ಯಾನು, ಸೆಕೆಂಡಿಗೆ ಲಕ್ಷಾಂತರ ಬಾರಿ ಹೊತ್ತಿ ಆರುವ ವಿದ್ಯುತ್ ನಿಯಂತ್ರಕಗಳು. ಸಂತೆಯ ನಡುವೆ ವೀಣೆ ನುಡಿಸಿದ ಹಾಗೆ. ಅದರಲ್ಲೂ ಕಂಪ್ಯೂಟರ್ ಪೆಟ್ಟಿಗೆಯ ಮುಂಭಾಗದಲ್ಲಿರುವ ಹೆಡ್‌ಫೋನ್ ರಂಧ್ರಕ್ಕೆ ಬರುವ ತೆಳುವಾದ ತಂತಿ ಈ ಇಡೀ ಸಂತೆಯನ್ನು ಹಾದು ಬರಬೇಕು. ಮೌಸ್ ಸರಿದಾಗ ಕೇಳಿಸುವ ಚಿರ್ ಸದ್ದಿಗೆ ಇದೇ ಕಾರಣ.

ಆ ವಿದ್ಯಾರ್ಥಿನಿಯ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ ಪ್ಲಗ್ಗನ್ನು ಮುಂಭಾಗದಿಂದ ಕಿತ್ತು ಹಿಂಭಾಗದ ಹಸಿರು ರಂಧ್ರಕ್ಕೆ ಚುಚ್ಚಿದ್ದು. ಮೊರೆತ ಅರ್ಧಕ್ಕರ್ಧ ಇಳಿಯಿತು. ಇದಕ್ಕೆ ಖರ್ಚು ಏನೂ ಇಲ್ಲ.

ಈಗ ಆಂಪ್ಲಿಫೈಯರಿನ ವಿಚಾರ. ನೀವು ಕಡೂರಿನಿಂದ ರೈಲು ಹತ್ತಿದರೆ ಬೀರೂರಿನಲ್ಲಿ ದಾರಿ ಕವಲಾಗುತ್ತದೆಯಷ್ಟೆ. ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ. ಕಡೂರಿನಲ್ಲಿ ಟಿಕೆಟ್ ಇಲ್ಲದೆ ಹತ್ತಿದ ಪ್ರಯಾಣಿಕ ಒಬ್ಬನಿದ್ದಾನೆ ಎನ್ನಿ. ಬೀರೂರಿನಲ್ಲಿ ಎಷ್ಟೇ ಬಲವಾದ ಎಂಜಿನ್ ಜೋಡಿಸಿದರೂ ಅವನೇನೂ ಇಳಿದು ಹೋಗುವುದಿಲ್ಲ, ಉಳಿದವರ ಜೊತೆ ಅವನೂ ವೇಗವಾಗಿಯೇ ಪಯಣಿಸುತ್ತಾನೆ. ಕಂಪ್ಯೂಟರಿನೊಳಗೇ ಧ್ವನಿಯನ್ನು ಸೇರಿಕೊಂಡ ಮೊರೆತವೂ ಹಾಗೆಯೇ. ಹೆಡ್‌ಫೋನ್ ರಂಧ್ರಕ್ಕೆ ಸಿಕ್ಕಿಸಿದ ಆಂಪ್ಲಿಫೈಯರ್ ಮಾತನ್ನು ಹತ್ತು ಪಟ್ಟು ಹೆಚ್ಚಿಸಿದರೆ ಮೊರೆತವನ್ನೂ ಹತ್ತು ಪಟ್ಟು ಹೆಚ್ಚಿಸುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಬಿ.ಎಸ್‌ಸಿ. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅಗ್ಗದ ಆಂಪ್ಲಿಫೈಯರೊಂದನ್ನು ಆಸೆಪಟ್ಟು ಕೊಂಡು, ಮೊದಲಿಗಿಂತ ಸ್ಪಷ್ಟವಾಗಿ ಫ್ಯಾನಿನ ಸದ್ದನ್ನು ಕೇಳಿ ಪೆಚ್ಚಾದವನು ನಾನು.

ಹಾಗಾದರೆ ಈ ಪುಟ್ಟ ಸಾಧನದಿಂದ ಪ್ರಯೋಜನವೇ ಇಲ್ಲವೆ? ಇದೆ. ಆದರೆ ಅದು ನಾವು ಊಹಿಸುವ ಕಡೆ ಇಲ್ಲ.

ಒಂದು ಲೆಕ್ಕ ಹಾಕೋಣ. ಸಾಮಾನ್ಯ ಹೆಡ್‌ಫೋನಿನ ರೋಧ 32 ಓಮ್ ಎಂದೂ, 1 ಮಿಲಿವ್ಯಾಟ್ ಶಕ್ತಿಗೆ ಅದು 100 ಡೆಸಿಬೆಲ್ ಸದ್ದು ಕೊಡುತ್ತದೆ ಎಂದೂ ಇಟ್ಟುಕೊಳ್ಳಿ. ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದರೆ ಸದ್ದು 10 ಡೆಸಿಬೆಲ್ ಇಳಿಯುತ್ತದೆ. ಪಾಠ ಕೇಳುವುದಕ್ಕೆ 80 ಡೆಸಿಬೆಲ್ ಧಾರಾಳವಾಗಿ ಸಾಕು. ಅದಕ್ಕೆ ಬೇಕಾದುದು 1 ಮಿಲಿವ್ಯಾಟಿನ ನೂರನೇ ಒಂದು ಭಾಗ. ವೋಲ್ಟೇಜಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 18 ಮಿಲಿವೋಲ್ಟ್. ಕಂಪ್ಯೂಟರ್ ಸುಮಾರಾಗಿ 1 ವೋಲ್ಟ್ ಕೊಡಬಲ್ಲದು. ಹಾಗಿರುವಾಗ ಸದ್ದು ಸಾಲದು ಎಂಬ ಮಾತೇ ಹುಟ್ಟುವುದಿಲ್ಲ. ನಮ್ಮ ವಿದ್ಯಾರ್ಥಿನಿಗೆ ಕೊರತೆಯಾಗಿದ್ದುದು ಬಲವಲ್ಲ, ಶುದ್ಧಿ.

ಇನ್ನೊಂದು ಅಂಶ ಹೆಚ್ಚು ಸ್ವಾರಸ್ಯವಾದುದು. ತೋಟದ ಪಂಪ್‌ಸೆಟ್ಟನ್ನು ಚಾಲೂ ಮಾಡಿದೊಡನೆ ಮನೆಯ ಬಲ್ಬು ಮಂಕಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಟ್ರಾನ್ಸ್‌ಫಾರ್ಮರ್ ದೂರವಿದ್ದು ತಂತಿಗೆ ತನ್ನದೇ ರೋಧವಿರುವುದರಿಂದ, ಹೆಚ್ಚು ಪ್ರವಾಹ ಎಳೆದಾಗ ವೋಲ್ಟೇಜಿನ ಒಂದು ಪಾಲು ದಾರಿಯಲ್ಲೇ ಖರ್ಚಾಗುತ್ತದೆ. ಹೆಡ್‌ಫೋನ್ ರಂಧ್ರದ ಹಿಂದೆಯೂ ಇಂತಹದೇ ಒಂದು ಒಳರೋಧ ಇರುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ, ಮುಖ್ಯವಾಗಿ ಸ್ಪೀಕರ್ ಪೆಟ್ಟಿಗೆಗೆಂದೇ ಮಾಡಿದ ರಂಧ್ರಗಳಲ್ಲಿ, ಇದು 100 ಓಮ್‌ನಷ್ಟು ಇರುವುದುಂಟು. ಆಗ 1 ವೋಲ್ಟಿನಲ್ಲಿ 32 ಓಮ್ ಹೆಡ್‌ಫೋನಿಗೆ ದಕ್ಕುವುದು 132ರಲ್ಲಿ 32 ಭಾಗ, ಅಂದರೆ 0.24 ವೋಲ್ಟ್ ಮಾತ್ರ.

ನಷ್ಟ ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ, ವಾಲ್ಯೂಮ್ ಏರಿಸಿದರಾಯಿತು. ಆದರೆ ಹೆಡ್‌ಫೋನಿನ ರೋಧ ಎಲ್ಲ ಆವೃತ್ತಿಗಳಲ್ಲೂ 32 ಆಗಿರುವುದಿಲ್ಲ. ಕೆಳಗಿನ ಸ್ವರಗಳಲ್ಲಿ, ಪೊರೆ ತಾನೇ ತಾನಾಗಿ ಕಂಪಿಸಬಯಸುವ ಆವೃತ್ತಿಯ ಬಳಿ, ಅದು 60 ಓಮ್‌ಗೆ ಏರಿತು ಎನ್ನಿ. ಆಗ ಆ ಸ್ವರಗಳಿಗೆ ದಕ್ಕುವುದು 0.37 ವೋಲ್ಟ್‌ಗಿಂತ ಕೊಂಚ ಹೆಚ್ಚು. ಉಳಿದ ಸ್ವರಗಳಿಗಿಂತ ಅವು ಹೆಚ್ಚುಕಡಿಮೆ 4 ಡೆಸಿಬೆಲ್ ಉಬ್ಬುತ್ತವೆ. ಮಾತು ಮಡಕೆಯೊಳಗಿನಿಂದ ಬಂದಂತೆ ಗುಂಯ್‌ಗುಡುತ್ತದೆ; ಒತ್ತಕ್ಷರಗಳು ಅಸ್ಪಷ್ಟವಾಗುತ್ತವೆ. ಒಳ್ಳೆಯ ಕಿಸೆ ಆಂಪ್ಲಿಫೈಯರಿನ ಒಳರೋಧ 1 ಓಮ್‌ನ ಆಸುಪಾಸು. ಅದನ್ನು ನಡುವೆ ಇಟ್ಟರೆ ಈ ಉಬ್ಬು ಮಾಯವಾಗುತ್ತದೆ. ಹೆಡ್‌ಫೋನಿನ ರೋಧ ಆಂಪ್ಲಿಫೈಯರಿನ ಒಳರೋಧದ ಎಂಟು ಪಟ್ಟಾದರೂ ಇರಲಿ ಎಂಬುದು ಬಲ್ಲವರು ಪಾಲಿಸುವ ಲೆಕ್ಕ.

ಕಾಲೇಜಿನ ಪ್ರಯೋಗಾಲಯದಲ್ಲಂತೂ ಇದರ ಉಪಯೋಗ ಎದ್ದು ಕಾಣುತ್ತದೆ. ಒಂದೇ ಕಂಪ್ಯೂಟರಿನ ಮುಂದೆ ಮೂವರು ಕುಳಿತು, ಕವಲು ತಂತಿ ಹಾಕಿ, ಮೂರು ಹೆಡ್‌ಫೋನ್ ಜೋಡಿಸಿದ್ದೀರಿ ಎನ್ನಿ. ಸಮಾಂತರ ಜೋಡಣೆಯ ಸೂತ್ರ ನಿಮಗೆ ಗೊತ್ತೇ ಇದೆ: 32 ಓಮ್‌ನ ಮೂರು ಸೇರಿದರೆ 10.7 ಓಮ್. 100 ಓಮ್ ಒಳರೋಧದ ರಂಧ್ರದಿಂದ ಈಗ ಸಿಗುವುದು 0.1 ವೋಲ್ಟಿಗೂ ಕಡಿಮೆ. ಒಬ್ಬ ಹೆಡ್‌ಫೋನ್ ಕಿತ್ತರೆ ಉಳಿದಿಬ್ಬರಿಗೆ ಸದ್ದು ಹೆಚ್ಚುತ್ತದೆ, ಮತ್ತೆ ಸಿಕ್ಕಿಸಿದರೆ ಇಳಿಯುತ್ತದೆ. ಥೇಟ್ ಪಂಪ್‌ಸೆಟ್ಟಿನ ಬಲ್ಬು. ಅರ್ಧ ಓಮ್ ಒಳರೋಧದ ಆಂಪ್ಲಿಫೈಯರ್ ಇದ್ದರೆ ಮೂವರಿಗೂ 0.95 ವೋಲ್ಟ್‌ವರೆಗೆ ಲಭ್ಯ. ಒಬ್ಬರು ಎದ್ದು ಹೋದದ್ದು ಇನ್ನೊಬ್ಬರ ಕಿವಿಗೆ ತಿಳಿಯುವುದೇ ಇಲ್ಲ. ಮೂವರು ಸೇರಿ ಹಣ ಹಾಕಿದರೆ ಹೊರೆಯೂ ಹಗುರ.

ಇಂತಹ ಸಾಧನವನ್ನು ಸ್ವತಃ ಮಾಡಿಕೊಳ್ಳಲೂ ಬಹುದು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಚು ಮೊಯ್ ಎಂಬ ಹವ್ಯಾಸಿ, ಒಂದು 9 ವೋಲ್ಟ್ ಬ್ಯಾಟರಿ, ಆಪ್-ಆಂಪ್ ಚಿಪ್ಪು, ಕೆಲವೇ ರೋಧಕ ಮತ್ತು ಧಾರಕಗಳಿಂದ ಮಾಡಬಹುದಾದ ಮಂಡಲವನ್ನು ಪ್ರಕಟಿಸಿದ. ಜನ ಅದನ್ನು ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಜೋಡಿಸತೊಡಗಿದರು. 'ಸಿ-ಮೊಯ್' ಎಂಬ ಹೆಸರೇ ನಿಂತಿತು. ಅದರ ಮೂಲ ವಿನ್ಯಾಸದಲ್ಲಿ 10 ಸಾವಿರ ಮತ್ತು 1 ಸಾವಿರ ಓಮ್‌ಗಳ ಎರಡು ರೋಧಕಗಳು ವರ್ಧನೆಯನ್ನು 11 ಪಟ್ಟಿಗೆ ನಿಗದಿ ಮಾಡುತ್ತವೆ. ಇವತ್ತಿನ ಕಿವಿಯೊಳಗಿನ ಫೋನುಗಳಿಗೆ ಅದು ಅತಿಯಾಯಿತು, ಎರಡು ಮೂರು ಪಟ್ಟು ಸಾಕು. ರೋಧಕ ಬದಲಿಸಿದರೆ ಮುಗಿಯಿತು. 2011ರಲ್ಲಿ ಇನ್ನೊಬ್ಬ ಎಂಜಿನಿಯರ್, ತನ್ನ ನಿಜ ಹೆಸರನ್ನು ಹೇಳದೆಯೇ, 'ಓ-2' ಎಂಬ ಆಂಪ್ಲಿಫೈಯರಿನ ವಿನ್ಯಾಸವನ್ನು ಅಳತೆಗಳ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟ. ಸಾವಿರಾರು ಡಾಲರಿನ ಉಪಕರಣಗಳ ಬಗ್ಗೆ ಹೊಗಳಿಕೆಯ ಮಾತು ಕೇಳಿ ಬೇಸತ್ತ ಆತ, ಅಗ್ಗದ ಬಿಡಿಭಾಗಗಳಿಂದಲೇ ಅವನ್ನು ಸರಿಗಟ್ಟಬಹುದೆಂದು ಮೀಟರ್ ಹಿಡಿದು ತೋರಿಸಿದ; 2012ರ ನಂತರ ಬರೆಯುವುದನ್ನೇ ನಿಲ್ಲಿಸಿಬಿಟ್ಟ. ಪಿಯುಸಿ ಭೌತಶಾಸ್ತ್ರ ಬಲ್ಲ, ಬೆಸುಗೆ ಕಡ್ಡಿ ಹಿಡಿಯಬಲ್ಲ ಯಾರೇ ಆದರೂ ಸಿ-ಮೊಯ್ ಕಟ್ಟಬಹುದು. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆಯುತ್ತವೆ.

ಆದರೆ ಮೊರೆತವೇ ನಿಮ್ಮ ತೊಂದರೆಯಾಗಿದ್ದರೆ ಬೇಕಾದದ್ದು ಬೇರೆ. ಯುಎಸ್‌ಬಿ ರಂಧ್ರಕ್ಕೆ ಸಿಕ್ಕಿಸುವ, ಬೆರಳುದ್ದದ ಒಂದು ಸಾಧನ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರೊಳಗೆ ಅಂಕಿಯನ್ನು ಧ್ವನಿಯಾಗಿಸುವ ಚಿಪ್ಪೂ ಆಂಪ್ಲಿಫೈಯರೂ ಎರಡೂ ಇರುತ್ತವೆ. ಅಂಕಿಗಳು ಅಂಕಿಗಳಾಗಿಯೇ ಸಂತೆಯನ್ನು ದಾಟಿ ಹೊರಗೆ ಬಂದು, ಅಲ್ಲಿ ಧ್ವನಿಯಾಗುತ್ತವೆ. ಟಿಕೆಟ್ ಇಲ್ಲದ ಪ್ರಯಾಣಿಕನಿಗೆ ಹತ್ತಲು ಅವಕಾಶವೇ ಕಡಿಮೆ.

ಲ್ಯಾಪ್‌ಟಾಪ್ ಇರುವವರು ಇನ್ನೊಂದು ಪರೀಕ್ಷೆ ಮಾಡಿ. ಸ್ಪೀಕರಿಗೋ ಆಂಪ್ಲಿಫೈಯರಿಗೋ ಜೋಡಿಸಿದಾಗ ಗುಂಯ್ ಎಂದರೆ ಚಾರ್ಜರನ್ನು ಕಿತ್ತು ನೋಡಿ. ಸದ್ದು ನಿಂತರೆ ಅದು ನಮ್ಮ ಮನೆಗಳ 50 ಹರ್ಟ್ಸ್ ವಿದ್ಯುತ್ತು ಅರ್ತಿಂಗಿನ ದಾರಿಯಲ್ಲಿ ನುಸುಳಿದ್ದು. ಪಾಠ ಕೇಳುವಷ್ಟು ಹೊತ್ತು ಬ್ಯಾಟರಿಯ ಮೇಲೆ ನಡೆಸಿ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ದಪ್ಪ ಕಡ್ಡಿಯನ್ನು ಮುರಿದರೆ ಸದ್ದು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಆ ಕಡ್ಡಿ ಇರುವುದು ನಿಮ್ಮ ಜೀವ ಉಳಿಸಲು.

ದೂರದರ್ಶನದವನಾಗಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮೇಷ್ಟರಿಂದ ಹತ್ತಡಿ ದೂರದಲ್ಲಿ ಮೈಕ್ ಇಟ್ಟು ಮುದ್ರಿಸಿದ ಪಾಠದಲ್ಲಿ ಗೋಡೆಯ ಮಾರ್ದನಿ ಮಾತಿನೊಳಗೆ ಬೆರೆತುಹೋಗಿರುತ್ತದೆ. ಅದನ್ನು ಯಾವ ಆಂಪ್ಲಿಫೈಯರೂ ಬೇರ್ಪಡಿಸಲಾರದು. ತಪ್ಪು ಮುದ್ರಿಸಿದವರದು, ಹಣ ಖರ್ಚು ಮಾಡಬೇಕಾದವರು ನೀವಲ್ಲ.

ಇನ್ನು ಆ ವಾಲ್ಯೂಮಿನ ವಿಚಾರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಹೆಚ್ಚಿದಾಗ ಈ ಅವಧಿ ಅರ್ಧವಾಗುತ್ತದೆ. 90 ಡೆಸಿಬೆಲ್ಲಿಗೆ ವಾರಕ್ಕೆ ನಾಲ್ಕೇ ಗಂಟೆ. 100ಕ್ಕೆ ವಾರಕ್ಕೆ ಇಪ್ಪತ್ತು ನಿಮಿಷ. ಮೇಲೆ ಹಾಕಿದ ಲೆಕ್ಕವನ್ನೇ ಮುಂದುವರಿಸಿ ನೋಡಿ: ಆ ಹಳೆಯ ರಂಧ್ರದ 0.24 ವೋಲ್ಟ್ ಕೂಡ ಹೆಡ್‌ಫೋನಿನಲ್ಲಿ 102 ಡೆಸಿಬೆಲ್ ಕೊಡಬಲ್ಲದು. ಒಳರೋಧ ಕಡಿಮೆಯಿರುವ ಆಂಪ್ಲಿಫೈಯರ್ ನಡುವೆ ಬಂದರೆ ಅದೇ 1 ವೋಲ್ಟ್ 115 ಡೆಸಿಬೆಲ್ ತಲುಪುತ್ತದೆ. ಒಳಗಿವಿಯ ಶಂಖದಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಒಂದೊಂದು ಕಿವಿಗೆ ಹದಿನೈದು ಸಾವಿರದಷ್ಟು. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಆಂಪ್ಲಿಫೈಯರ್ ಕೊಂಡವರು ಕಂಪ್ಯೂಟರಿನ ವಾಲ್ಯೂಮನ್ನು ಮುಕ್ಕಾಲಿನ ಮೇಲಿಟ್ಟು, ಆಂಪ್ಲಿಫೈಯರಿನ ಗುಂಡಿಯನ್ನು ಸೊನ್ನೆಯಿಂದ ಮೆಲ್ಲಗೆ ತಿರುಗಿಸಿ, ಮಾತು ಅರ್ಥವಾದ ಕೂಡಲೇ ನಿಲ್ಲಿಸಿ. ಹೆಡ್‌ಫೋನನ್ನು ಕಿವಿಗೆ ಹಾಕಿಕೊಳ್ಳುವುದು ಗುಂಡಿ ಸೊನ್ನೆಯಲ್ಲಿದೆಯೆಂದು ನೋಡಿದ ಮೇಲೆ.

ರಾತ್ರಿ ಮಲಗಿದಾಗ ಕಿವಿಯಲ್ಲಿ ಸಿಳ್ಳೆಯಂತಹ ಸದ್ದು ಬರುತ್ತದೆಯೇ ಎಂದು ಆ ವಿದ್ಯಾರ್ಥಿನಿಯನ್ನು ಕೇಳಿದೆ. ಒಂದು ತಿಂಗಳಿನಿಂದ ಬರುತ್ತಿದೆ ಎಂದಳು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಅದೂ ಕಂಪ್ಯೂಟರಿನ ಮೊರೆತದ ನೆನಪು ಎಂದುಕೊಂಡಿದ್ದಳಂತೆ. ಮೊದಲು ಕಿವಿಯ ವೈದ್ಯರಲ್ಲಿಗೆ ಹೋಗಿ ಎಂದು ಆಕೆಯ ತಂದೆಗೆ ಹೇಳಿ ಬಂದೆ. ಪ್ಲಗ್ಗು ಹಿಂಭಾಗದ ರಂಧ್ರದಲ್ಲೇ ಇತ್ತು, ವಾಲ್ಯೂಮ್ ಅರ್ಧಕ್ಕೂ ಕೆಳಗೆ. ಆಂಪ್ಲಿಫೈಯರಿಗೆಂದು ಎತ್ತಿಟ್ಟಿದ್ದ ಹಣದಲ್ಲಿ ಒಂದು ಯುಎಸ್‌ಬಿ ಸಾಧನ ಕೊಂಡು ಉಳಿದದ್ದನ್ನು ಪ್ರಯಾಣಕ್ಕೂ ವೈದ್ಯರಿಗೂ ಇಟ್ಟುಕೊಳ್ಳುತ್ತೇವೆ ಎಂದು ಅವರು ಲೆಕ್ಕ ಹಾಕುತ್ತಿದ್ದರು.