ಅಜೂಸಾ ಬೀದಿಯ ಸಭೆ

ಅಮೆರಿಕದ ಲಾಸ್ ಏಂಜಲೀಸ್ ನಗರದ ಅಜೂಸಾ ಬೀದಿ ಬೀದಿಯೆನ್ನುವುದಕ್ಕಿಂತ ಓಣಿಯೆಂದರೆ ಸರಿಯಾದೀತು. ಅಲ್ಲಿ 312ನೆಯ ನಂಬರಿನ ಒಂದು ಮರದ ಕಟ್ಟಡವಿತ್ತು. ಉದ್ದ 60 ಅಡಿ, ಅಗಲ 40 ಅಡಿ. 1888ರಲ್ಲಿ ಕಪ್ಪು ಜನರ ಮೆಥಡಿಸ್ಟ್ ಸಭೆಯೊಂದು ಅದನ್ನು ದೇವಾಲಯವಾಗಿ ಕಟ್ಟಿಸಿತ್ತು. ಆ ಸಭೆ ಬೇರೆ ಕಡೆಗೆ ಹೋದ ಮೇಲೆ ಕೆಳಗಿನ ಅಂಕಣ ಕುದುರೆ ಲಾಯಕ್ಕೂ ಮರಮುಟ್ಟು ತುಂಬುವುದಕ್ಕೂ ಬಳಕೆಯಾಯಿತು. ಇಂಥ ಹಾಳು ಕಟ್ಟಡವನ್ನು 1906ರ ಏಪ್ರಿಲಿನಲ್ಲಿ ಕೆಲವು ಬಡ ಜನರು ತಿಂಗಳಿಗೆ 8 ಡಾಲರಿನಂತೆ ಬಾಡಿಗೆಗೆ ಹಿಡಿದು ಗುಡಿಸಿ ಸಾರಿಸಿದರು. ಇಂದು ಪ್ರಪಂಚದ ನಾನಾ ದೇಶಗಳಲ್ಲಿ ಕೋಟಿಗಟ್ಟಲೆ ಜನ ಸೇರಿರುವ ಪೆಂತೆಕೋಸ್ತ್ ಪಂಥದ ಚರಿತ್ರೆಯನ್ನು ಬರೆಯುವವರು ಈ ಲಾಯದ ಬಾಗಿಲಿಗೆ ಬಾರದೆ ಮುಂದೆ ಹೋಗಲಾರರು.

ಪೆಂತೆಕೋಸ್ತ್ ಎಂದರೆ ಗ್ರೀಕ್ ಭಾಷೆಯಲ್ಲಿ ಐವತ್ತನೆಯ ದಿನ. ಯೆಹೂದ್ಯರ ಪಸ್ಕ ಹಬ್ಬವಾದ ಐವತ್ತನೆಯ ದಿನ ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮವು ಇಳಿಯಿತೆಂದೂ, ಅವರು ತಾವು ಕಲಿಯದ ಭಾಷೆಗಳಲ್ಲಿ ಮಾತನಾಡಿದರೆಂದೂ ಅಪೊಸ್ತಲರ ಕೃತ್ಯಗಳಲ್ಲಿ ಹೇಳಿದೆ. ಅದು ಅಂದಿಗೇ ಮುಗಿದ ಮಾತಲ್ಲ, ಇಂದಿಗೂ ಭಕ್ತರಿಗೆ ಲಭ್ಯವಾದುದು ಎಂಬುದೇ ಈ ಪಂಥದವರ ನಂಬಿಕೆ. ಕಾನ್ಸಾಸಿನ ಟೊಪೀಕಾ ಊರಿನಲ್ಲಿ ಚಾರ್ಲ್ಸ್ ಪಾರ್ಹಮ್ ಎಂಬ ಬಿಳಿಯ ಉಪದೇಶಿ ಬೈಬಲ್ ಶಾಲೆಯೊಂದನ್ನು ನಡೆಸುತ್ತಿದ್ದನು. ಅಲ್ಲಿ 1901ರ ಹೊಸ ವರ್ಷದ ದಿನ ಆಗ್ನೆಸ್ ಓಜ್ಮನ್ ಎಂಬ ವಿದ್ಯಾರ್ಥಿನಿ ಹೀಗೆ ಅನ್ಯಭಾಷೆಯಲ್ಲಿ ಮಾತನಾಡಿದಳೆಂದು ಸುದ್ದಿಯಾಯಿತು. ಪವಿತ್ರಾತ್ಮದ ದೀಕ್ಷೆಗೆ ಅನ್ಯಭಾಷೆಯೇ ಗುರುತು ಎಂಬುದು ಪಾರ್ಹಮನ ಬೋಧನೆ.

ಈ ಬೋಧನೆಯನ್ನು ಲಾಸ್ ಏಂಜಲೀಸಿಗೆ ತಂದವರು ವಿಲಿಯಂ ಸೇಮೂರ್. 1870ರಲ್ಲಿ ಲೂಸಿಯಾನಾದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ತಂದೆತಾಯಿಗಳಿಗೆ ಹುಟ್ಟಿದವರು. ಹೋಟೆಲುಗಳಲ್ಲಿ ಬಡಿಸುವ ಕೆಲಸ ಮಾಡಿ ಜೀವಿಸಿದರು. ಸಿಡುಬಿನಲ್ಲಿ ಒಂದು ಕಣ್ಣು ಹೋಯಿತು. ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ಪಾರ್ಹಮನ ಪಾಠಗಳು ನಡೆಯುತ್ತಿದ್ದಾಗ ಇವರಿಗೂ ಕೇಳುವ ಆಸೆಯಾಯಿತು. ಆದರೆ ಕಪ್ಪು ಜನರೂ ಬಿಳಿಯರೂ ಒಂದೇ ಕೊಠಡಿಯಲ್ಲಿ ಕೂಡುವುದು ಆ ಪ್ರಾಂತದ ಕಟ್ಟಳೆಗೆ ವಿರುದ್ಧ. ಕೊಠಡಿಯ ಹೊರಗೆ, ಅರೆತೆರೆದ ಬಾಗಿಲ ಬಳಿ ಕುಳಿತು ಸೇಮೂರರು ಪಾಠ ಕೇಳಿದರೆಂದು ಚರಿತ್ರಕಾರರು ಹೇಳುತ್ತಾರೆ.

1906ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಒಂದು ಸಣ್ಣ ಸಭೆ ಅವರನ್ನು ಉಪದೇಶಕ್ಕೆ ಕರೆಸಿಕೊಂಡಿತು. ಅದರ ಮುಖ್ಯಸ್ಥೆ ಜೂಲಿಯಾ ಹಚಿನ್ಸ್ ಎಂಬ ಕಪ್ಪು ಮಹಿಳೆ. ಸೇಮೂರರ ಉಪದೇಶ ಆಕೆಗೆ ಒಪ್ಪಿಗೆಯಾಗಲಿಲ್ಲ. ಇನ್ನೂ ತಮಗೇ ಪ್ರಾಪ್ತವಾಗದ ವರವನ್ನು ಇವರು ಇತರರಿಗೆ ಬೋಧಿಸುವುದೇ? ಕೆಲವು ದಿನಗಳಲ್ಲೇ ಕರೆಸಿದವರ ದೇವಾಲಯಕ್ಕೆ ಬೀಗ ಬಿತ್ತು, ಅತಿಥಿ ಬೀದಿಗೆ ಬಿದ್ದರು. ನೆಂಟರಿಲ್ಲದ ಊರು, ಕೈಯಲ್ಲಿ ಕಾಸಿಲ್ಲ. ಒಬ್ಬ ಬಡಗೃಹಸ್ಥ ತನ್ನ ಮನೆಯಲ್ಲಿ ಇರಿಸಿಕೊಂಡನು. ಮುಂದೆ ಬಾನಿ ಬ್ರೇ ಬೀದಿಯಲ್ಲಿ ರಿಚರ್ಡ್ ಮತ್ತು ರೂತ್ ಆಸ್ಬೆರಿ ದಂಪತಿಗಳ ಮನೆಯಲ್ಲಿ ಪ್ರಾರ್ಥನೆಗಳು ನಡೆದವು. ಏಪ್ರಿಲ್ 9ರಂದು ಅಲ್ಲಿ ಕೆಲವರು ಅನ್ಯಭಾಷೆಯಲ್ಲಿ ಮಾತನಾಡತೊಡಗಿದರು. ಸುದ್ದಿ ಹಬ್ಬಿ ಜನ ಕವಿದುಬಂದರು. ಮನೆಯ ಮುಂದಿನ ಜಗಲಿ ಜನಭಾರದಿಂದ ಕುಸಿಯಿತೆಂದು ಹೇಳುವುದುಂಟು. ಆಗಲೇ ಅಜೂಸಾ ಬೀದಿಯ ಲಾಯವನ್ನು ಹುಡುಕಿಕೊಂಡದ್ದು.

ಅಲ್ಲಿಯ ಏರ್ಪಾಡನ್ನು ನೋಡಿ. ನೆಲಕ್ಕೆ ಮರದ ಹೊಟ್ಟು. ಮೊಳೆ ತುಂಬುವ ಪೀಪಾಯಿಗಳ ಮೇಲೆ ಹಲಗೆ ಹಾಸಿದರೆ ಅದೇ ಬೆಂಚು. ಎರಡು ಮರದ ಪೆಟ್ಟಿಗೆಗಳನ್ನು ಒಂದರ ಮೇಲೊಂದಿಟ್ಟರೆ ಅದೇ ಉಪದೇಶ ಪೀಠ. ಸೇಮೂರರು ಬಹಳ ಹೊತ್ತು ಮೇಲಿನ ಪೆಟ್ಟಿಗೆಯೊಳಗೆ ತಲೆಯಿಟ್ಟು ಮೌನವಾಗಿ ಪ್ರಾರ್ಥಿಸುತ್ತಿದ್ದರು. ಕಾಣಿಕೆಯ ತಟ್ಟೆ ಸುತ್ತಿಸುವ ಪದ್ಧತಿಯಿಲ್ಲ, ಬಾಗಿಲ ಬಳಿ ಒಂದು ಡಬ್ಬಿ. ದಿನಕ್ಕೆ ಮೂರು ಕೂಟ, ಸುಮಾರು ಮೂರು ವರ್ಷ ಎಡೆಬಿಡದೆ. ಹಾಡು, ಕೂಗು, ಕಣ್ಣೀರು, ನೆಲಕ್ಕೆ ಬೀಳುವವರು, ವಾಸಿಯಾಯಿತೆಂದು ಸಾಕ್ಷಿ ಹೇಳುವವರು. 1906ರ ಏಪ್ರಿಲ್ 18ರಂದು ಊರಿನ ಪ್ರಮುಖ ಪತ್ರಿಕೆ ಇದನ್ನೆಲ್ಲ ಹಾಸ್ಯ ಮಾಡಿ ಬರೆಯಿತು. ಅದೇ ದಿನ ಬೆಳಗ್ಗೆ ಸ್ಯಾನ್ ಫ್ರಾನ್ಸಿಸ್ಕೋ ನಗರ ಭೂಕಂಪಕ್ಕೆ ತುತ್ತಾಯಿತು. ನಗುವುದಕ್ಕೆ ಬಂದವರ ಜೊತೆಗೆ ಹೆದರಿ ಬಂದವರೂ ಸೇರಿಕೊಂಡರು.

ಆದರೆ ನೋಡಿದವರನ್ನು ಹೆಚ್ಚು ಬೆರಗುಗೊಳಿಸಿದ್ದು ಅನ್ಯಭಾಷೆಯಲ್ಲ, ಕೂತವರ ಸಾಲು. ಕಪ್ಪು ಜನ, ಬಿಳಿಯರು, ಮೆಕ್ಸಿಕೋ ದೇಶದವರು, ಅಗಸಗಿತ್ತಿಯರು, ಉಳ್ಳವರು, ಎಲ್ಲರೂ ಒಂದೇ ಹಲಗೆಯ ಮೇಲೆ. ದಕ್ಷಿಣ ಪ್ರಾಂತಗಳಲ್ಲಿ ಕಪ್ಪು ಜನರನ್ನು ಗುಂಪು ಕಟ್ಟಿ ಕೊಲ್ಲುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ಬಿಳಿಯ ಉಪದೇಶಿಗಳು ಗುಲಾಮರ ಮಗನ ಮುಂದೆ ಮಂಡಿಯೂರಿ ಆಶೀರ್ವಾದ ಪಡೆದರು. ಸಭೆಯ ಹಿರಿಯರ ಮಂಡಲಿಯಲ್ಲಿ ಎರಡು ವರ್ಣದವರೂ, ಗಂಡಸರೂ ಹೆಂಗಸರೂ ಇದ್ದರು. 1906ರ ಅಕ್ಟೋಬರಿನಲ್ಲಿ ಪಾರ್ಹಮ್ ಬಂದು ನೋಡಿದನು. ತನ್ನ ಶಿಷ್ಯನ ಯಶಸ್ಸಿಗೆ ಹಿಗ್ಗಬೇಕಾದವನು ಈ ಬೆರಕೆಯನ್ನೂ ಆರಾಧನೆಯ ಆವೇಶವನ್ನೂ ಕಂಡು ಹಳಿದನು. ಸಭೆ ಅವನನ್ನು ಒಪ್ಪದೆ ಸೇಮೂರರ ಕಡೆಗೇ ನಿಂತಿತು. ಅಲ್ಲಿಂದಾಚೆಗೆ ಅದು ಯಾರ ಹಂಗಿಗೂ ಒಳಪಡದ ಸ್ವತಂತ್ರ ಸಭೆಯಾಯಿತು. ಬೀಗ ಹಾಕಿಸಿದ್ದ ಜೂಲಿಯಾ ಹಚಿನ್ಸ್ ತಾನೇ ಈ ಸಭೆಗೆ ಬಂದು ಸೇರಿ, ಅಲ್ಲಿಂದಲೇ ಆಫ್ರಿಕಾದ ಲೈಬೀರಿಯಾಕ್ಕೆ ಉಪದೇಶಕ್ಕಾಗಿ ಹೊರಟಳು.

ಸೆಪ್ಟೆಂಬರಿನಲ್ಲಿ ಸಭೆ ತನ್ನದೇ ಪತ್ರಿಕೆಯನ್ನು ಹೊರಡಿಸಿತ್ತು. ಮೊದಲ ಸಂಚಿಕೆ 5,000 ಪ್ರತಿ. ಮುಂದೆ ಅದು ಹತ್ತು ಪಟ್ಟು ಬೆಳೆಯಿತೆಂದು ಲೆಕ್ಕ. ಈ ಪತ್ರಿಕೆಯೂ, ಇಲ್ಲಿಂದ ಹೊರಟ ಉಪದೇಶಿಗಳೂ ಸೇರಿ ಸುದ್ದಿಯನ್ನು ನಾಲ್ಕು ದಿಕ್ಕಿಗೆ ಒಯ್ದರು. ಆಲ್ಫ್ರೆಡ್ ಗಾರ್ ಮತ್ತು ಲಿಲಿಯನ್ ಗಾರ್ ದಂಪತಿಗಳು 1907ರ ಆರಂಭದಲ್ಲಿ ಕಲ್ಕತ್ತೆಯಲ್ಲಿದ್ದರು. ಬಂಗಾಳಿ ತಮಗೆ ವರವಾಗಿ ಬಂದಿದೆ, ಕಲಿಯಬೇಕಾಗಿಲ್ಲ ಎಂಬ ಭರವಸೆ ಅವರದು. ಕಲ್ಕತ್ತೆಯ ಜನಕ್ಕೆ ಆ ಮಾತು ತಿಳಿಯಲಿಲ್ಲ. ಆದರೂ ಅವರು ಎದೆಗುಂದದೆ ಇಂಗ್ಲಿಷ್ ಬಲ್ಲವರಲ್ಲಿ ಕೆಲಸ ನಡೆಸಿದರು.

ಆದರೆ ನಮ್ಮ ದೇಶಕ್ಕೆ ಈ ಬಗೆಯ ಭಕ್ತಿಯೆಲ್ಲ ಅಮೆರಿಕದಿಂದಲೇ ಬಂತೆನ್ನುವುದು ಸರಿಯಲ್ಲ. ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಆಶ್ರಮವಿತ್ತು. ಅಲ್ಲಿಯ ಹೆಣ್ಣುಮಕ್ಕಳಲ್ಲಿ 1905ರಲ್ಲೇ, ಅಂದರೆ ಅಜೂಸಾ ಬೀದಿಗೆ ಒಂದು ವರ್ಷ ಮೊದಲೇ, ಇಂಥ ಆವೇಶದ ಪ್ರಾರ್ಥನೆ ಎದ್ದಿತ್ತು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಇನ್ನು ದಕ್ಷಿಣದ ಮಾತು. ಈ ಪಂಥದ ರಾಬರ್ಟ್ ಕುಕ್ ಎಂಬ ಅಮೆರಿಕನ್ ಉಪದೇಶಿ 1913ರಲ್ಲಿ ಭಾರತಕ್ಕೆ ಬಂದು ಮೊದಲು ನೆಲಸಿದ್ದು ಬೆಂಗಳೂರು ಸೀಮೆಯಲ್ಲಿ. ಅಲ್ಲಿಂದ ಆತನು ತಿರುವಾಂಕೂರಿಗೆ ಹೋದನು.

ಹೀಗೆ ಬೀಜ ದೂರದೂರ ಬಿದ್ದು ಮೊಳೆಯಿತು. ಮೂಲದ ಮರದ ಗತಿಯೇನಾಯಿತು? 1907ರಲ್ಲಿ ಸಭೆ ಕಾನೂನಿನ ಪ್ರಕಾರ ನೋಂದಣಿಯಾಗಿ ಕಟ್ಟಡವನ್ನು 15,000 ಡಾಲರಿಗೆ ಕೊಂಡಿತು. 1908ರ ಮೇ ತಿಂಗಳಲ್ಲಿ ಸೇಮೂರರು ಜೆನಿ ಮೂರ್ ಎಂಬ ಸಹೋದ್ಯೋಗಿಯನ್ನು ಮದುವೆಯಾದರು. ಅದೇ ವರ್ಷ ಪತ್ರಿಕೆಯ ಕೆಲಸ ನೋಡುತ್ತಿದ್ದ ಕ್ಲಾರಾ ಲಮ್ ಪೋರ್ಟ್‌ಲ್ಯಾಂಡ್ ನಗರದಲ್ಲಿ ಫ್ಲಾರೆನ್ಸ್ ಕ್ರಾಫರ್ಡಳ ಸಭೆಗೆ ಹೋದಳು. ಪತ್ರಿಕೆಯೂ ಚಂದಾದಾರರ ವಿಳಾಸದ ಪಟ್ಟಿಯೂ ಅತ್ತಲೇ ಹೋದವು. ಸೇಮೂರ್ ದಂಪತಿಗಳು ಅಲ್ಲಿಗೇ ಹೋಗಿ ಕೇಳಿದರೂ ಅವು ಹಿಂದಕ್ಕೆ ಬರಲಿಲ್ಲ. ವಿಳಾಸದ ಪಟ್ಟಿ ಅಲ್ಪ ವಸ್ತುವಲ್ಲ. ಆ ಸಭೆಗೆ ಬೇರೆ ಮಂಡಲಿಯಿಲ್ಲ, ನಿಧಿಯಿಲ್ಲ. ದೂರದ ಭಕ್ತರಿಗೂ ಅಜೂಸಾ ಬೀದಿಗೂ ಇದ್ದ ಸೂತ್ರ ಅದೊಂದೇ. ಅದು ಹರಿಯಿತು.

1911ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಸೇಮೂರರು ಸಂಚಾರ ಹೋಗಿದ್ದಾಗ ಷಿಕಾಗೋದ ವಿಲಿಯಂ ಡರ್ಹಮ್ ಬಂದು ಪೀಠದಲ್ಲಿ ನಿಂತನು. ಆತನ ಬೋಧನೆ ಬೇರೆ, ಮಾತು ಬಿರುಸು. ಜನ ಮತ್ತೆ ತುಂಬಿದರು. ಸೇಮೂರರು ಆತುರದಿಂದ ಹಿಂದಿರುಗಿ ಬಾಗಿಲಿಗೆ ಬೀಗ ಹಾಕಿಸಿದರು. ಐದು ವರ್ಷದ ಹಿಂದೆ ತಮ್ಮ ಮುಂದೆ ಮುಚ್ಚಿದ್ದ ಬಾಗಿಲಿನಂತೆಯೇ ಇದೂ ಮುಚ್ಚಿತು. ಡರ್ಹಮನ ಹಿಂದೆ ಬಹುಮಂದಿ ಹೊರಟುಹೋದರು. ದೇಶದಲ್ಲೂ ಪಂಥ ವರ್ಣದ ಗೆರೆಯಂತೆ ಸೀಳಿತು. 1914ರಲ್ಲಿ ಹುಟ್ಟಿದ ಅಸೆಂಬ್ಲೀಸ್ ಆಫ್ ಗಾಡ್ ಬಹುಮಟ್ಟಿಗೆ ಬಿಳಿಯರದಾಯಿತು. 1915ರಲ್ಲಿ ಸೇಮೂರರು ಸಭೆಯ ನಿಯಮಗಳನ್ನು ಅಚ್ಚು ಹಾಕಿಸಿದರು. ಮುಖ್ಯ ಪದವಿ ಕಪ್ಪು ಜನಕ್ಕೇ ಇರಬೇಕೆಂದು ಅದರಲ್ಲಿ ಬರೆದರು. ಎಲ್ಲ ವರ್ಣದವರನ್ನೂ ಒಂದೇ ಹಲಗೆಯ ಮೇಲೆ ಕೂರಿಸಿದ ಮನುಷ್ಯನು ಹಾಗೆ ಬರೆಯಬೇಕಾಯಿತೆಂದರೆ ಆ ಮನಸ್ಸು ಎಷ್ಟು ನೊಂದಿರಬೇಕು!

1922ರ ಸೆಪ್ಟೆಂಬರ್ 28ರಂದು ಅವರು ಹೃದಯಾಘಾತದಿಂದ ತೀರಿಕೊಂಡರು. ಉಳಿದ ಬೆರಳೆಣಿಕೆಯ ಭಕ್ತರನ್ನು ಜೆನಿ ಸೇಮೂರ್ ನಡೆಸಿಕೊಂಡು ಬಂದರು. ಸಭೆಯ ಹಕ್ಕಿಗಾಗಿ ವ್ಯಾಜ್ಯ ಎದ್ದಿತು. 1931ರಲ್ಲಿ ಕಟ್ಟಡವನ್ನು ಕೆಡವಿದರು. ಕೊನೆಗೆ ನಿವೇಶನವೂ ಸಾಲಕ್ಕೆ ಹೋಯಿತು. ಈಗ ಆ ಸ್ಥಳ ಜಪಾನೀಯರ ಪೇಟೆಯೊಂದರ ಮಧ್ಯದಲ್ಲಿದೆ, ಗುರುತಿಗೆ ಒಂದು ಫಲಕ ಮಾತ್ರ. ಬಾನಿ ಬ್ರೇ ಬೀದಿಯ ಮನೆಯನ್ನು ಮಾತ್ರ ಸ್ಮಾರಕವಾಗಿ ಕಾಪಾಡಿದ್ದಾರೆ.

ಸ್ವತಂತ್ರ ಸಭೆಯ ಬಲವೂ ಬಲಹೀನತೆಯೂ ಈ ಕಥೆಯಲ್ಲಿ ಒಟ್ಟಿಗೇ ಇವೆ. ಮೇಲಿನವರ ಅಪ್ಪಣೆಗೆ ಕಾಯಬೇಕಾಗಿರಲಿಲ್ಲ, ಆದ್ದರಿಂದಲೇ ಒಬ್ಬ ಒಕ್ಕಣ್ಣ ಬಡವ ಪೆಟ್ಟಿಗೆಗಳ ಪೀಠದಿಂದ ಪ್ರಪಂಚಕ್ಕೆ ಮಾತನಾಡಿದನು. ಮನೆಯೊಳಗೆ ಮನಸ್ತಾಪ ಬಂದಾಗ ನಡುವೆ ನಿಂತು ಕೂಡಿಸುವವರೂ ಇರಲಿಲ್ಲ, ಆದ್ದರಿಂದಲೇ ಮನೆ ಒಡೆಯಿತು. ಅವರ ನಂಬಿಕೆಯನ್ನು ನಾವು ಒಪ್ಪಬಹುದು, ಬಿಡಬಹುದು. ಆದರೆ ಹೊರಬಾಗಿಲಲ್ಲಿ ಕುಳಿತು ಪಾಠ ಕೇಳಿದವನೊಬ್ಬನು ತನ್ನ ಕಾಲ ಬಂದಾಗ ಎಲ್ಲರನ್ನೂ ಒಳಕ್ಕೆ ಕರೆದನೆಂಬ ಮಾತು ಯಾವ ಮತದವರಿಗೂ ಮರೆಯತಕ್ಕದ್ದಲ್ಲ.