ಶ್ರವಣವಿವೇಕ



ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದು ಶ್ರವಣ. ಮಾತು ಕಿವಿಗೆ ಬಿದ್ದ ಮಾತ್ರಕ್ಕೆ ಅದು ಶ್ರವಣವಾಗದು. ಆಡುವವನು ಕಡೆಗೆ ಯಾವ ನಿಲುವಿಗೆ ಬಂದನೆಂಬುದನ್ನು ಅರಿತಾಗಲೇ ಅದು ಸಾರ್ಥಕ. ಅನುಭಾವಗೋಷ್ಠಿಯಲ್ಲಿ ಪ್ರಶ್ನೆಯನ್ನಷ್ಟೇ ಕೇಳಿ, ಉತ್ತರಕ್ಕೆ ಮೊದಲೇ ಎದ್ದುಹೋದವನಿಗೆ ತತ್ತ್ವವು ದಕ್ಕಲಾರದು. ಇದೇ ವಿವೇಕವು ಲೌಕಿಕವಾದೊಂದು ಪರೀಕ್ಷೆಗೂ ಅವಶ್ಯವಾಗಿರುವುದು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಮಕ್ಕಳು ಪರದೇಶದ ವಿದ್ಯೆಯನ್ನೋ ಉದ್ಯೋಗವನ್ನೋ ಬಯಸಿದರೆ, ಅನೇಕ ವೇಳೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷು ಪರೀಕ್ಷೆಯನ್ನು ಎದುರಿಸಬೇಕಾಗುತ್ತದೆ. ಈ ಹೆಸರಿನಿಂದ ಇದು 1989ರಿಂದ ನಡೆದುಬಂದಿದೆ. ಇದರ ಶ್ರವಣಭಾಗದಲ್ಲಿ 4 ಖಂಡಗಳು, 40 ಪ್ರಶ್ನೆಗಳು. ಕಾಲ ಸುಮಾರು 30 ನಿಮಿಷ. ಧ್ವನಿಮುದ್ರಿಕೆಯನ್ನು ಒಂದೇ ಸಲ ಕೇಳಿಸುವರು. ಸೋತವನು ಶುಲ್ಕವನ್ನು ಮತ್ತೆ ತೆರಬೇಕು. ಕಬ್ಬು, ಭತ್ತ, ರಾಗಿ ಬೆಳೆದು ಕಾಸು ಕೂಡಿಸಿದ ಮನೆಗೆ ಇದು ಹಗುರವಾದ ಹೊರೆಯಲ್ಲ. ಭಾಷೆ ಬಾರದೆ ಸೋಲುವವರಂತೆಯೇ, ಭಾಷೆ ಬಂದೂ ಅವಸರದಿಂದ ಸೋಲುವವರೂ ಉಂಟು.

ಆ ಸೋಲಿನ ಬಗೆ ಹೀಗೆ. ಉತ್ತರದಂತೆ ತೋರುವ ಮಾತನ್ನು ಮೊದಲು ಆಡಿಸಿ, ಬಳಿಕ ಅದನ್ನು ಹಿಂತೆಗೆಯಿಸುವುದು ಪರೀಕ್ಷಕರ ಪರಿಪಾಟಿ. ಶ್ರೀರಂಗಪಟ್ಟಣಕ್ಕೆ ಬಂದ ಯಾತ್ರಿಕರಿಗೆ ಒಬ್ಬನು, “ಮೊದಲು ದರಿಯಾ ದೌಲತ್ತಿಗೆ ಹೋಗೋಣವೆಂದಿದ್ದೆವು; ರಂಗನತಿಟ್ಟೂ ಮನಸ್ಸಿನಲ್ಲಿತ್ತು; ಆದರೆ ಹೊತ್ತು ಸಾಲದು, ಕರಿಘಟ್ಟಕ್ಕೇ ಹೊರಡೋಣ” ಎಂದನೆನ್ನಿ. ಮೂರು ಹೆಸರುಗಳೂ ಕಿವಿಗೆ ಬಿದ್ದವು. ಉತ್ತರ ಮಾತ್ರ ಒಂದೇ. ಸಂತೆಯಲ್ಲಿ ಮೊದಲು ಹೇಳಿದ ಬೆಲೆಯೇ ಕಡೆಯ ಬೆಲೆಯೆಂದು ಯಾವ ರೈತನೂ ನಂಬನು. ಆ ಜಾಣ್ಮೆಯನ್ನು ಅವನ ಮಗನು ಪರೀಕ್ಷೆಯ ಕೊಠಡಿಗೂ ಕೊಂಡೊಯ್ಯಬೇಕು.

ಕನ್ನಡದ ಕಿವಿಗೆ ಇಲ್ಲಿ ಎರಡು ವಿಶೇಷ ತೊಡಕುಗಳಿವೆ. ಕನ್ನಡದಲ್ಲಿ ನಿಷೇಧವು ಬಹುಮಟ್ಟಿಗೆ ವಾಕ್ಯದ ಕೊನೆಯಲ್ಲಿ, ಕ್ರಿಯಾಪದದೊಡನೆ ಬರುವುದು: “ಬರುವುದಿಲ್ಲ”, “ಕೊಡಲಾರೆ”. ಇಂಗ್ಲಿಷಿನಲ್ಲಿ ಅದು ನಡುವೆಯೇ ಕುಗ್ಗಿದ ಧ್ವನಿಯಾಗಿ ಜಾರಿಹೋಗುವುದು. ಗಮನ ತಪ್ಪಿದರೆ ಅರ್ಥವೇ ತಲೆಕೆಳಗು. ಎರಡನೆಯದು ಸಂಖ್ಯೆ. ಹದಿಮೂರಕ್ಕೂ ಮೂವತ್ತಕ್ಕೂ ನಮ್ಮಲ್ಲಿ ಹೋಲಿಕೆಯೇ ಇಲ್ಲ. ಇಂಗ್ಲಿಷಿನ ‘ತರ್ಟೀನ್’, ‘ತರ್ಟಿ’ಗಳ ಭೇದವಾದರೋ ಕೊನೆಯ ಧ್ವನಿಯಲ್ಲಿಯೂ ಒತ್ತಿನಲ್ಲಿಯೂ ಅಡಗಿದೆ.

ಪರಿಹಾರವೂ ಸುಲಭಸಾಧ್ಯ. ಪ್ರಶ್ನೆಗಳನ್ನು ಓದಲು ಕೊಡುವ ಅಲ್ಪಕಾಲದಲ್ಲಿ, ಕೇಳಿರುವುದು ದಿನವೋ ಸ್ಥಳವೋ ಕಾರಣವೋ ಎಂದು ಗುರುತಿಸಿಕೊಳ್ಳತಕ್ಕದ್ದು. ಮೊದಲು ಕೇಳಿದ ಉತ್ತರವನ್ನು ಬರೆದರೂ, ಮಾತು ಮುಂದಿನ ಪ್ರಶ್ನೆಗೆ ಸಾಗುವತನಕ ಅದನ್ನು ಸ್ಥಿರವೆಂದು ಭಾವಿಸತಕ್ಕದ್ದಲ್ಲ. ‘ಬಟ್’, ‘ಆಕ್ಚುಯಲಿ’, ‘ಇನ್‌ಸ್ಟೆಡ್’, ‘ಯೂಸ್ಡ್ ಟು’ ಮುಂತಾದ ಪದಗಳು ಮಾತಿನ ತಿರುವನ್ನು ಸಾರುವ ಕೈಮರಗಳು. ಒಂದು ಉತ್ತರ ತಪ್ಪಿಹೋದರೆ ಅದಕ್ಕಾಗಿ ಮರುಗುತ್ತ ಮುಂದಿನ ಎರಡನ್ನು ಕಳೆಯಬಾರದು. ತಪ್ಪುತ್ತರಕ್ಕೆ ಅಂಕವನ್ನು ಕಳೆಯುವ ಕ್ರಮವಿಲ್ಲದುದರಿಂದ ಯಾವ ಮನೆಯನ್ನೂ ಖಾಲಿ ಬಿಡಬೇಕಾದುದಿಲ್ಲ. ಆದರೆ ಅತಿಸಂಶಯವೂ ದೋಷವೇ. ಮೊದಲ ಮಾತೇ ನಿಜವಾಗಿರುವ ಪ್ರಶ್ನೆಗಳೂ ಉಂಟು. ಹಿಂತೆಗೆದ ಗುರುತಿಲ್ಲದೆ ಉತ್ತರವನ್ನು ಅಳಿಸುವುದು ಅವಿವೇಕ.

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯನವರೂ, ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಜನಿಸಿದ ಎ.ಎನ್. ಮೂರ್ತಿರಾಯರೂ ಇಂಗ್ಲಿಷಿನ ಅಧ್ಯಾಪಕರಾಗಿದ್ದು ಕನ್ನಡವನ್ನು ಬೆಳಗಿದವರು. ಈ ಮಣ್ಣಿನ ಮಕ್ಕಳಿಗೆ ಆ ಭಾಷೆ ಎಟುಕದ ಹಣ್ಣಲ್ಲ. ವಿದ್ಯಾರ್ಥಿನಿಲಯಗಳಲ್ಲಿ ದಿನಕ್ಕೆ ಹತ್ತು ನಿಮಿಷ ಇಬ್ಬಿಬ್ಬರು ಕುಳಿತು, ಒಬ್ಬನು ಇಂಗ್ಲಿಷಿನಲ್ಲಿ ಒಂದು ಸಂಗತಿಯನ್ನು ಹೇಳಿ ನಡುವೆ ತಿದ್ದಿಕೊಳ್ಳಲಿ; ಇನ್ನೊಬ್ಬನು ಬಿಟ್ಟ ಮಾತು ಯಾವುದು, ಉಳಿದ ಮಾತು ಯಾವುದೆಂದು ಹೇಳಲಿ. ಇದಕ್ಕೆ ಹಣ ಬೇಡ, ನೇಮ ಬೇಕು.

ಪೂರ್ತಿ ಕೇಳಿ ನಿರ್ಣಯಿಸುವ ಈ ಅಭ್ಯಾಸವು ಪರೀಕ್ಷೆಯಲ್ಲಿ ಅಂಕವನ್ನು ಕೊಡುವುದು; ಮನೆಯಲ್ಲಿಯೂ ಊರಿನಲ್ಲಿಯೂ ಅರ್ಧ ಕೇಳಿದ ಮಾತಿನಿಂದ ಹುಟ್ಟುವ ಮನಸ್ತಾಪವನ್ನು ತಡೆಯುವುದು. ಅಂತಹ ಶ್ರವಣವಿವೇಕವು ಎಲ್ಲ ಮಕ್ಕಳಿಗೂ ಗುರುಕೃಪೆಯಿಂದ ಲಭಿಸಲಿ.